ಹಸಿರು ಟೊಪ್ಪಿಯವನ ನಮಸ್ಕಾರ

ಅಚ್ಚಾದದ್ದೆಲ್ಲ ನಿಜವೆಂದು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಇದು ಓದಿ ಬಂದ ತಾತ್ಸಾರವಲ್ಲ, ಅಚ್ಚು ಮಾಡಿ ಬಂದದ್ದು. ಹೊನ್ನಾವರದ ಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಸಣ್ಣ ಮುದ್ರಣಾಲಯವನ್ನು ನಡೆಸಿದವನು ನಾನು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅಚ್ಚುಮೊಳೆಗಳೇ ಗುರುಗಳಾದವು. ಒಂದೊಂದೇ ಅಕ್ಷರವನ್ನು ಬೆರಳ ತುದಿಯಲ್ಲಿ ಹಿಡಿದು ಸಾಲು ಕಟ್ಟುವವನಿಗೆ ವಾಕ್ಯದ ಮೇಲೆ ಭಕ್ತಿ ಹುಟ್ಟುವುದಿಲ್ಲ, ಅನುಮಾನ ಹುಟ್ಟುತ್ತದೆ. 'ಜನಮೆಚ್ಚಿದ ನಾಯಕ' ಎಂಬ ಎರಡು ಪದಗಳನ್ನು ಒಂದೇ ಚುನಾವಣೆಯಲ್ಲಿ ಪರಸ್ಪರ ಮುಖ ನೋಡದ ಮೂವರು ಅಭ್ಯರ್ಥಿಗಳಿಗೂ ಅವೇ ಮೊಳೆಗಳಿಂದ ಮುದ್ರಿಸಿ ಕೊಟ್ಟಿದ್ದೇನೆ. ಮೊದಲನೆಯವರ ಕರಪತ್ರ ಮುಗಿದ ಮೇಲೆ ಆ ಪದಗಳನ್ನು ಬಿಚ್ಚುವ ಶ್ರಮವನ್ನು ಕೂಡ ನಾನು ತೆಗೆದುಕೊಂಡಿರಲಿಲ್ಲ, ಬೇಕಾಗುತ್ತದೆಂದು ಗೊತ್ತಿತ್ತು. ಎರಡು ಊರುಗಳ ಸ್ಥಳಪುರಾಣಗಳನ್ನು ಒಂದೇ ತಿಂಗಳಲ್ಲಿ ಮುದ್ರಿಸಿದಾಗ ಒಬ್ಬನೇ ಋಷಿಯು ಒಂದೇ ಮುಹೂರ್ತದಲ್ಲಿ ಎರಡೂ ಕಡೆ ಸ್ನಾನಕ್ಕಿಳಿದಿದ್ದನ್ನು ಕಂಡು, ಇಬ್ಬರು ಧರ್ಮದರ್ಶಿಗಳಿಗೂ ವಿನಯದಿಂದ ಪ್ರಶ್ನೆ ಹಾಕಿದ್ದೆ. ಇಬ್ಬರೂ ಮರುವರ್ಷ ಕುಮಟೆಯ ಬೇರೆ ಪ್ರೆಸ್ಸಿಗೆ ಹೋದರು.

ಇಂಥ ನನ್ನ ಮನೆಗೆ ಕಳೆದ ಮಾರ್ಚಿನಲ್ಲಿ, ಬೆಳಗಿನ ಹತ್ತೂವರೆಯ ಸುಮಾರಿಗೆ, ಒಬ್ಬ ಹಸಿರು ಟೊಪ್ಪಿಯ ಕುಳ್ಳನು ಬಂದನು. ಬಂದದ್ದು ಫೋನಿನ ಒಳಗೆ. ಫೋನು ನನ್ನದೇ ಆದರೂ ಅದನ್ನು ಆಳುವವಳು ನನ್ನ ಹೆಂಡತಿ ಸುಭದ್ರೆ. ನಾನು ಅದನ್ನು ಕಿವಿಗೆ ಇಟ್ಟುಕೊಳ್ಳಲಷ್ಟೇ ಬಲ್ಲೆ; ಅವಳು ಅದರ ಹೊಟ್ಟೆಗೆ ಕೈಹಾಕಿ ಹಪ್ಪಳದ ವಿಧಾನದಿಂದ ಹಿಡಿದು ಹವಾಮಾನದವರೆಗೆ ಎಲ್ಲವನ್ನೂ ಹೊರತೆಗೆಯಬಲ್ಲಳು. "ಇಲ್ನೋಡಿ, ಇನಾಸ ಕಾರ್ಡು ಕಳ್ಸಿದ್ದ!" ಎಂದು ಅಡುಗೆಮನೆಯಿಂದಲೇ ಕೂಗಿಕೊಂಡು ಬಂದಳು.

ಕಾರ್ಡು ಎಂದರೆ ನನ್ನ ತಿಳಿವಳಿಕೆಯ ಮಟ್ಟಿಗೆ ಅದರ ಮೂಲೆ ಬೆರಳಿಗೆ ಚುಚ್ಚಬೇಕು, ಮೂಗಿಗೆ ಹಿಡಿದರೆ ಮಸಿಯ ವಾಸನೆ ಬರಬೇಕು. ಇದು ಹಾಗಲ್ಲ. ಒತ್ತಿದೊಡನೆ ಒಂದು ಕಾಮನಬಿಲ್ಲು ಏಳುತ್ತದೆ. ಅದರ ಬುಡದಲ್ಲಿ ಒಂದು ಗಡಿಗೆ. ಗಡಿಗೆಯ ಹಿಂದಿನಿಂದ ಕೆಂಪು ಗಡ್ಡ, ಹಸಿರು ಕೋಟು, ಹಸಿರು ಟೊಪ್ಪಿಯ ಒಬ್ಬ ಗಿಡ್ಡ ಮುದುಕನು ಚಂಗನೆ ಹಾರಿ, ಪಿಟೀಲಿನ ತಾಳಕ್ಕೆ ನಾಲ್ಕು ಹೆಜ್ಜೆ ಕುಣಿದು, ಟೊಪ್ಪಿಯನ್ನು ತೆಗೆದು ಸೊಂಟದವರೆಗೆ ಬಾಗಿ ನಮಸ್ಕರಿಸುತ್ತಾನೆ. ಆಮೇಲೆ ಮತ್ತೆ ಬಾಗುತ್ತಾನೆ. ಮತ್ತೂ ಬಾಗುತ್ತಾನೆ. ನೋಡುವವನು ಬೇಸತ್ತು ಮುಚ್ಚುವವರೆಗೆ ಬಾಗುತ್ತಲೇ ಇರುತ್ತಾನೆ. ಕೆಳಗೆ ಇಂಗ್ಲಿಷಿನಲ್ಲಿ ಐರ್ಲೆಂಡಿನ ಸಂತ ಪ್ಯಾಟ್ರಿಕನ ಹಬ್ಬದ ಶುಭಾಶಯ. ಒಬ್ಬ ಮನುಷ್ಯ ಇನ್ನೊಬ್ಬನ ಮುಂದೆ ಬಾಗುವುದೆಂದರೆ ಬೆನ್ನಿಗೆ ಕಿಂಚಿತ್ತಾದರೂ ನೋವಾಗಬೇಕು, ಮನಸ್ಸಿಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಆಗಬೇಕು. ನೋವಿಲ್ಲದೆ, ದಣಿವಿಲ್ಲದೆ, ಎದುರಿಗಿರುವವನು ಯಾರೆಂಬ ಗೊಡವೆಯೂ ಇಲ್ಲದೆ ಬಾಗುವುದನ್ನು ನಮಸ್ಕಾರವೆನ್ನುವುದಾದರೆ ಬಾವಿಯ ರಾಟೆಯನ್ನೂ ವಿನಯಶಾಲಿ ಎನ್ನಬೇಕಾದೀತು.

ಇನಾಸನು ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ. ನನ್ನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವನು ನಾನು, ಯಂತ್ರ ತುಳಿಯುವವನು ಅವನು; ಮೂರನೆಯ ಸಿಬ್ಬಂದಿ ಇರಲಿಲ್ಲ. ಹೊನ್ನಾವರದ ಇಗರ್ಜಿಯ ಕೇರಿಯವನು, ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಯಂತ್ರದೊಡನೆ ಮೌನ. ಪೆಡಲಿನ ಮೇಲೆ ಅವನ ಬಲಗಾಲು, ಕಾಗದದ ಮೇಲೆ ಎರಡು ಕೈ, ಸೀಮೆಎಣ್ಣೆಯ ಚಿಂದಿ ಹೆಗಲ ಮೇಲೆ. ಅವನಿಗೆ ಒಂದೇ ನಿಯಮ. ಯಂತ್ರದಿಂದ ಇಳಿದ ಮೊದಲ ಪ್ರತಿಯನ್ನು, ಅಂದರೆ ಪ್ರೂಫನ್ನು, ನನ್ನ ಮೇಜಿನ ಮೇಲೆ ತಂದಿಟ್ಟು ಹೋಗುವುದು. ನಾನು ತಿದ್ದಿ ಹಿಂದಿರುಗಿಸುವವರೆಗೆ ಎರಡನೆಯ ಹಾಳೆಯನ್ನು ಒತ್ತದೆ ರೋಲರು ಒರೆಸುತ್ತ ಕಾಯುವುದು. ಮಧ್ಯಾಹ್ನದವರೆಗೂ ಪ್ರೂಫು ತಿರುಗಿ ಬಾರದಿದ್ದರೆ, ಸರಿಯಿದೆಯೆಂದು ತಿಳಿದು ಓಡಿಸಿಬಿಡುವುದು. ನಾನು ಸ್ವಭಾವತಃ ತಡಮಾಡುವವನು. ಎಷ್ಟೋ ಮದುವೆಗಳು ನನ್ನ ತಿದ್ದುಪಡಿಯಿಲ್ಲದೆಯೇ ನಡೆದುಹೋಗಿವೆ.

ಅಂಥ ಒಂದು ಮದುವೆಯೇ ನಮ್ಮಿಬ್ಬರ ನಡುವಿನ ಮುಳ್ಳು. ಮಂಕಿ ಊರಿನ ಕಡೆಯ ಒಂದು ಮನೆಯ ಆಮಂತ್ರಣ ಪತ್ರಿಕೆಯಲ್ಲಿ ವಧುವಿನ ಹೆಸರಿತ್ತು, ಮುಹೂರ್ತವಿತ್ತು, ಊಟದ ಸಮಯವೂ ಇತ್ತು. ವರನ ಹೆಸರು ಮಾತ್ರ ಇರಲಿಲ್ಲ. ಅರ್ಧ ಪತ್ರಿಕೆಗಳು ಅಚ್ಚಾಗುವ ತನಕ ಇದ್ದು ಆಮೇಲೆ ಆ ಹೆಸರಿನ ಮೊಳೆಗಳು ಚೌಕಟ್ಟಿನಿಂದ ಉದುರಿಹೋಗಿದ್ದವು. ಮದುವೆಯ ದಿನ ಅರ್ಧ ಜನ ಹುಡುಗನ ಹೆಸರು ಹೇಳಿ ಹರಸಿದರು, ಉಳಿದರ್ಧ ಜನ ಚಪ್ಪರದ ಬಾಗಿಲಲ್ಲಿ "ಅಲ್ಲ, ಗಂಡು ಗೊತ್ತಾತಾ?" ಎಂದು ಕೇಳಿಕೊಂಡೇ ಒಳಗೆ ಬಂದರಂತೆ. ಮೊಳೆಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿಟ್ಟು ಸುತ್ತ ಮರದ ತುಂಡುಗಳನ್ನು ಕೂರಿಸಿ ಕೀಲಿಯಿಂದ ಬಿಗಿಯುವುದಕ್ಕೆ ನಾವು 'ಕಟ್ಟು' ಎನ್ನುತ್ತಿದ್ದೆವು. ಕಟ್ಟುವುದು ನನ್ನ ಕೆಲಸ. ಕಟ್ಟು ಸಡಿಲವಿತ್ತೆಂದು ಅವನ ವಾದ. ಅವನ ಕಾಲು ವಿಪರೀತ ರಭಸದಿಂದ ತುಳಿದು ಅದುರಿಸಿತೆಂದು ನನ್ನ ವಾದ. ಈ ವಾದ ಸಾವಕಾಶವಾಗಿ ವರ್ಷಗಟ್ಟಲೆ ನಡೆಯಿತು. ಆ ದಂಪತಿಗಳ ಮಕ್ಕಳ ಮುಂಜಿಯ ಪತ್ರಿಕೆಯನ್ನೂ ನಾವೇ ಮುದ್ರಿಸಿದೆವು. ವಾದ ಮಾತ್ರ ಮುಗಿಯಲಿಲ್ಲ.

ಪ್ರೆಸ್ಸು ಮುಚ್ಚಿತು. ಯಂತ್ರವು ನಮ್ಮ ಮನೆಯ ಹಿಂದಿನ ಶೆಡ್ಡಿಗೆ ಬಂದು ತಾಡಪತ್ರಿ ಹೊದ್ದುಕೊಂಡಿತು. ಕಳೆದ ಅಕ್ಟೋಬರಿನಲ್ಲಿ, ಐರ್ಲೆಂಡಿನಲ್ಲಿ ದಾದಿಯಾಗಿರುವ ಇನಾಸನ ಮಗಳು ಬಂದು, ಹೆಂಡತಿ ತೀರಿಕೊಂಡ ತಂದೆಯನ್ನು ತನ್ನೊಡನೆ ಕರೆದುಕೊಂಡು ಹೋದಳು. ಹೊರಡುವ ಮುನ್ನಾದಿನ ಅವನ ಅಕ್ಕ ರೋಸಿಬಾಯಿಯ ಮನೆಯಲ್ಲಿ ಊಟ. ಎಲ್ಲರೂ ನಗುತ್ತಿದ್ದಾಗ ಯಾರೋ ಆ ಮದುವೆಯ ಮಾತು ತೆಗೆದರು. ಮೂವತ್ತು ವರ್ಷ ಯಂತ್ರದ ಮುಂದೆ ಮೌನವಾಗಿದ್ದವನು ಹತ್ತು ಜನರೆದುರು ಬಾಯಿಬಿಟ್ಟ: "ಕಟ್ಟು ಸಡಿಲ ಇತ್ತು ಮಾಲಕರೇ. ನಿಮ್ಮ ಕಟ್ಟು ಯಾವಾಗ್ಲೂ ಸಡಿಲವೇ." ನಾನು ಎದ್ದುನಿಂತು, "ನಿನ್ನ ಕಾಲೇ ಹುಚ್ಚುಗಾಲು. ಐರ್ಲೆಂಡಿಗಾದರೂ ಹೋಗಿ ನೆಟ್ಟಗೆ ನಡೆಯುವುದನ್ನು ಕಲಿ" ಎಂದು ಹೇಳಿ, ಕೈ ತೊಳೆಯದೆ ಮನೆಗೆ ಬಂದೆ. ಮರುದಿನ ಸ್ಟೇಷನ್ನಿಗೆ ಹೋಗಲಿಲ್ಲ. ಐದು ತಿಂಗಳು ಅತ್ತಲಿಂದ ಮಾತಿಲ್ಲ, ಇತ್ತಲಿಂದಲೂ ಇಲ್ಲ. ಆಮೇಲೆ ಬಂದದ್ದು ಈ ಕುಳ್ಳ.

"ಅವನದೊಂದು ಅಕ್ಷರವೂ ಇದರಲ್ಲಿಲ್ಲ" ಎಂದೆ. "ಯಾರೋ ಬರೆದದ್ದು, ಯಾರೋ ಕುಣಿಸಿದ್ದು. ಅವನು ಒತ್ತಿದ್ದು ಒಂದು ಗುಂಡಿ. ಅದೂ ನನಗೆಂದೇ ಒತ್ತಿದನೋ, ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಒಟ್ಟಿಗೇ ಎರಚಿದನೋ ಯಾರು ಬಲ್ಲರು?"

"ಎಂತಕ್ಕೆ ಅಷ್ಟೆಲ್ಲ ತನಿಖೆ? ವಾಪಸ್ ಎಂತಾರೂ ಕಳ್ಸವು. ಬಂದ ಪಾತ್ರೆ ಖಾಲಿ ಕೊಡ್ಲಾಗ" ಎಂದಳು ಸುಭದ್ರೆ.

ಇದು ಅವಳ ಧರ್ಮಶಾಸ್ತ್ರ. ನೆರೆಮನೆಯಿಂದ ಪಾಯಸವೋ ಪತ್ರೊಡೆಯೋ ಬಂದರೆ ಆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲವನ್ನಾದರೂ ಹಾಕಬೇಕು. ಪಕ್ಕದ ನಾಯ್ಕರ ಮನೆಗೂ ನಮ್ಮ ಮನೆಗೂ ನಡುವೆ ಮುಚ್ಚಳದ ಒಂದು ಸ್ಟೀಲು ಡಬ್ಬಿಯು ಏಳು ವರ್ಷಗಳಿಂದ ಹೋಗಿಬಂದು ಮಾಡುತ್ತಿದೆ. ಅದು ಮೂಲತಃ ಯಾರ ಮನೆಯದೆಂದು ಈಗ ಇಬ್ಬರಿಗೂ ನೆನಪಿಲ್ಲ. ತಳವನ್ನು ತಿರುವಿದರೆ ಕೊರೆದ ಹೆಸರು ಕಾಣುತ್ತದೆ. ಆದರೆ ತಿರುವಿ ನೋಡಲು ಅದು ಒಮ್ಮೆಯಾದರೂ ಖಾಲಿಯಾಗಬೇಕಲ್ಲ! ನಾನು ಈ ಕಾರ್ಡು ಕಣ್ಣಿಗಷ್ಟೇ ಕಾಣುವ ಪಾತ್ರೆಯೆಂದೂ, ಕೈಗೆ ಸಿಗದ ಪಾತ್ರೆಗೆ ಶಾಸ್ತ್ರ ಅನ್ವಯಿಸುವುದಿಲ್ಲವೆಂದೂ ವಾದಿಸಿದೆ. "ಕೈಗೆ ಸಿಕ್ಕದಿದ್ರೂ ಪಾತ್ರೆ ಪಾತ್ರೆಯೇ. ನಮ್ಮನೆಲಿ ಬಂದು ಕೂತಿದ್ದು ಅಲ್ದಾ?" ಎಂದು ಅವಳು ಫೋನನ್ನು ಮೇಜಿನ ಮೇಲಿಟ್ಟು ಹೋದಳು. ಕುಳ್ಳನು ನನ್ನೆದುರು ಬಾಗುತ್ತಲೇ ಇದ್ದನು.

ಉತ್ತರ ಕೊಡುವುದಕ್ಕೆ ಮುನ್ನ ಹಬ್ಬವೇನೆಂದು ತಿಳಿಯಬೇಕಷ್ಟೆ. ನನ್ನಲ್ಲಿ ಗುಜರಿಯವನಿಂದ ತಂದ ಒಂದು ಇಂಗ್ಲಿಷ್ ವಿಶ್ವಕೋಶವಿದೆ. ನಿಘಂಟಿನ ನೆರವಿನಿಂದ ಅದನ್ನು ಎರಡು ಬಾರಿ ಓದಿ ಮುಗಿಸಿದ್ದೇನೆ. ಅದರಲ್ಲಿ ಇರುವುದು 'ಎಂ' ಅಕ್ಷರದಿಂದ 'ಪಿ' ಅಕ್ಷರದವರೆಗಿನ ಸಂಪುಟಗಳು ಮಾತ್ರ. ಹೀಗಾಗಿ ನನ್ನ ಪಾಂಡಿತ್ಯಕ್ಕೆ ಸ್ಪಷ್ಟವಾದ ಎರಡು ಗಡಿಗಳಿವೆ. ಅದೃಷ್ಟವಶಾತ್ ಪ್ಯಾಟ್ರಿಕನು 'ಪಿ'ಯಲ್ಲಿ ಸಿಕ್ಕಿದನು. ಓದಿದರೆ, ಐರಿಶರ ಈ ಪರಮಸಂತನು ಐರಿಶನೇ ಅಲ್ಲ. ಬ್ರಿಟನ್ನಿನಿಂದ ಕಳ್ಳರು ಹಿಡಿದುಕೊಂಡು ಹೋದ ಹುಡುಗ. ಕುರಿ ಕಾಯ್ದನಂತೆ, ಓಡಿಹೋದನಂತೆ, ಕನಸು ಬಿದ್ದು ತಿರುಗಿ ಬಂದನಂತೆ. ಆ ದೇಶದ ಹಾವುಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿದನಂತೆ. ಈ ಹಾವಿನ ಮಾತನ್ನು ಮುಂದಕ್ಕೆ ಪರೀಕ್ಷಿಸೋಣವೆಂದರೆ ಹಾವು ಇಂಗ್ಲಿಷಿನಲ್ಲಿ 'ಎಸ್'ಗೆ ಸೇರುತ್ತದೆ, ಐರ್ಲೆಂಡು 'ಐ'ಗೆ. ಎರಡೂ ನನ್ನ ರಾಜ್ಯದ ಹೊರಗೆ. ಸುಭದ್ರೆ ಫೋನಿನಲ್ಲಿ ಹುಡುಕಿ, "ಅಲ್ಲಿ ಹಾವು ಮೊದ್ಲಿಂದನೂ ಇತ್ತೇ ಇಲ್ಯಡ" ಎಂದಳು. ನಾನು ತೊಡೆ ತಟ್ಟಿದೆ. ಇಲ್ಲದ ಹಾವನ್ನು ಓಡಿಸಿದ ಕೀರ್ತಿ! ನಮ್ಮ ತಾಲೂಕಿನಲ್ಲಿಯೂ ಒಬ್ಬರು ಯಾರೂ ಹಾಕಲು ಹೊರಟಿರದ ಒಂದು ಕಾರ್ಖಾನೆಯನ್ನು ತಡೆದು ನಿಲ್ಲಿಸಿದ್ದಕ್ಕಾಗಿ ಸನ್ಮಾನ ಮಾಡಿಸಿಕೊಂಡಿದ್ದರು. ಸನ್ಮಾನಪತ್ರವನ್ನು ಕಟ್ಟಿದವನು ನಾನೇ. ಅವರು ಇನ್ನೂ ಸ್ವಲ್ಪ ದೂರದಲ್ಲಿ, ಸ್ವಲ್ಪ ಹಿಂದಿನ ಕಾಲದಲ್ಲಿ ಹುಟ್ಟಿದ್ದರೆ ಅವರ ಹೆಸರಿನಲ್ಲಿಯೂ ಜನ ಹಸಿರು ಟೊಪ್ಪಿ ಹಾಕಿಕೊಂಡು ಕುಣಿಯುತ್ತಿದ್ದರೋ ಏನೋ. ಇನ್ನು ಹಬ್ಬದ ದಿನ ಐರಿಶರು ಎದೆಗೆ ಸಿಕ್ಕಿಸಿಕೊಳ್ಳುವ ಮೂರೆಲೆಯ ಪವಿತ್ರ ಸಸ್ಯ! ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದೆ. ನಮ್ಮ ಬಾವಿಕಟ್ಟೆಯ ಸುತ್ತ ಬೆಳೆಯುವ ಹುಳಿಸೊಪ್ಪಿನ ತಮ್ಮನೇ ಸರಿ. ನಾವು ತಂಬುಳಿ ಮಾಡಿ ಅನ್ನಕ್ಕೆ ಕಲಸಿಕೊಳ್ಳುವುದನ್ನು ಅವರು ಕೋಟಿಗೆ ಚುಚ್ಚಿಕೊಂಡು ಮೆರವಣಿಗೆ ಹೋಗುತ್ತಾರೆ.

ಇಷ್ಟಾದರೂ ಮನಸ್ಸಿನ ಮುಖ್ಯ ಪ್ರಶ್ನೆ ಪ್ಯಾಟ್ರಿಕನದಲ್ಲ. ಕಾರ್ಡು ನನಗೋ, ಊರಿಗೋ? ನನಗೆಂದೇ ಕಳಿಸಿದ್ದರೆ ಐದು ತಿಂಗಳ ಮುನಿಸು ಅವನ ಕಡೆಯಿಂದ ಮುಗಿಯಿತೆಂದರ್ಥ. ಊರಿಗೆಲ್ಲ ಎರಚಿದ್ದರೆ ನಾನು ಅವನ ಪಾಲಿಗೆ ಪಟ್ಟಿಯಲ್ಲಿನ ಒಂದು ಹೆಸರು ಮಾತ್ರ. ಇದನ್ನು ಊಹೆಗೆ ಬಿಡುವ ಜಾಯಮಾನ ನನ್ನದಲ್ಲ. ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಹೊರಟೆ.

ಮೊದಲು ರೋಸಿಬಾಯಿ. ಅಂಗಳದಲ್ಲಿ ಸಿಗಡಿ ಒಣಗಿಸುತ್ತ ಕೂತಿದ್ದವಳು ನನ್ನನ್ನು ಕಂಡು, "ಅಯ್ಯೋ ದೇವ್ರೆ, ಮಾಲಕ್ರು! ಅವತ್ತು ಕೈ ತೊಳೀದೆ ಹೋದವ್ರು ಈಗ ನೀರಿಗೆ ಬಂದ್ರಾ?" ಎಂದಳು. ಕಾರ್ಡಿನ ವಿಚಾರ ಕೇಳಿದೆ. "ಬಂದದೆ ಮಾರಾಯ್ರೆ, ಆ ಕುಣಿಯೂ ಮುದ್ಕ ಅಲ್ವಾ? ನಿನ್ನೆ ಮಧ್ಯಾಹ್ನ ಗಂಜಿ ಉಂಡ್ಕಂಡು ಅಡ್ಡ ಆದಾಗ ಬಂತು. ಎಂತ ಚಂದ ಬಗ್ತದೆ! ನಮ್ಮ ಇನಾಸನ ಹಾಗೇ ಅದೆ, ಗಡ್ಡ ಒಂದು ಬಿಟ್ಟು." ಒಂದು ಸಾಕ್ಷಿ ನನ್ನ ವಿರುದ್ಧ ಬಿತ್ತು. ಆದರೆ ಅಕ್ಕನಿಗೆ ಕಳಿಸುವುದು ಸಹಜ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಮರುದಿನ ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಅಲ್ಲಿ ಮೊಹಿದ್ದೀನ್ ಸಾಹೇಬರ ಬಟ್ಟೆ ಅಂಗಡಿ; ಪ್ರತಿವರ್ಷ ಅಂಗಡಿಯ ಕ್ಯಾಲೆಂಡರನ್ನು ನಮ್ಮಲ್ಲೇ ಮಾಡಿಸುತ್ತಿದ್ದರು, ಇನಾಸನೇ ಹೊತ್ತು ತಂದು ಕೊಡುತ್ತಿದ್ದನು. ಸಾಹೇಬರು ಥಾನು ಮಡಿಸುತ್ತಲೇ ನಕ್ಕರು. "ಅರೇ ಯಜಮಾನ್ರೇ, ಆ ಹಸ್ರು ಬುಡ್ಡನಾ? ಬಂದಿದೆ ಬಂದಿದೆ. ಮಧ್ಯಾಹ್ನದ ನಮಾಜ್ ಮುಗ್ಸಿ ಬಂದು ಫೋನ್ ತೆಗ್ದೆ, ಸಲಾಂ ಹೊಡೀತಾ ನಿಂತಿದ್ದ. ಎಂತ ಹಬ್ಬ ಅಂತ ಗೊತ್ತಿಲ್ಲ, ನಾನೂ ವಾಪಸ್ ಮುಬಾರಕ್ ಹೇಳ್ಬಿಟ್ಟೆ. ಮನುಷ್ಯ ನೆನಪು ಇಟ್ಟಿದಾನಲ್ಲ, ಅದು ದೊಡ್ಡದು." ಅದು ನೆನಪೋ ಗುಂಡಿಯೋ ಎಂಬ ಸೂಕ್ಷ್ಮವನ್ನು ಅವರಿಗೆ ವಿವರಿಸಿದೆ. ಅವರು ಚಹಾ ತರಿಸಿದರು. ಚಹಾ ಕುಡಿಯುವಾಗ, "ನೀವು ಏನು ಕಳ್ಸಿದ್ರಿ?" ಎಂದು ಕೇಳಿದರು. ನಾನು ಬಸ್ಸಿಗೆ ಹೊತ್ತಾಯಿತೆಂದೆ.

ಮೂರನೆಯ ದಿನ ಕುಮಟೆ. ಚತುಷ್ಪಥವಾಗುತ್ತಲೇ ಇರುವ ರಸ್ತೆಯ ಧೂಳಿನಲ್ಲಿ ಧಾರೇಶ್ವರವನ್ನು ದಾಟುವಾಗ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಬ್ಬ ಬೊಂಬೆಯ ಬೆನ್ನುಹತ್ತಿ ತಾಲೂಕು ದಾಟುತ್ತಿರುವ ನನ್ನ ಬಗ್ಗೆ ನನಗೇ ಒಂದು ಕ್ಷಣ ಸಂಶಯ ಬಂತು. ಆದರೆ ಹೊರಟ ಸಂಶೋಧನೆಯನ್ನು ನಡುವೆ ಬಿಡುವುದು ವಿಶ್ವವಿದ್ಯಾಲಯದವರ ಪದ್ಧತಿ, ನನ್ನದಲ್ಲ. ಕುಮಟೆಯಲ್ಲಿ ನಮಗೆ ಚಿತ್ರದ ಬ್ಲಾಕುಗಳನ್ನು ಮಾಡಿಕೊಡುತ್ತಿದ್ದ ಶೇಟರು ಜಗಲಿಯಲ್ಲಿ ಕೂತಿದ್ದರು. ಅವರಿಗೆ ಇನಾಸನ ಗುರುತು ವರ್ಷಕ್ಕೆರಡು ಬಾರಿ ಬ್ಲಾಕು ಒಯ್ಯಲು ಬರುತ್ತಿದ್ದಷ್ಟಕ್ಕೆ ಮಾತ್ರ. ಅವರಿಗೂ ಕಾರ್ಡು ಬಂದಿದ್ದರೆ ನನ್ನ ಮಟ್ಟಿಗೆ ಪ್ರಕರಣ ಇತ್ಯರ್ಥವಾದಂತೆ. "ಹ್ಞಾಂ, ಬಂದಿತ್ತಲ್ಲ! ಮಧ್ಯಾಹ್ನ ಚೂರು ಕಣ್ಣು ಹತ್ತಿತ್ತು, ಟುಂಯ್ ಅಂತ ಎಬ್ಬಿಸ್ಬಿಡ್ತು" ಎಂದರು. ನಾನು ಗೆದ್ದ ದನಿಯಲ್ಲಿ, "ನೋಡಿದಿರಾ? ಊರಿಗೆಲ್ಲ ಎರಚಿದ್ದಾನೆ" ಎಂದೆ. ಶೇಟರು ನನ್ನ ಮುಖವನ್ನೇ ನೋಡಿ, "ಗೆದ್ದವ್ರ ಮುಖ ಹೀಂಗಿರ್ತದ್ಯಾ?" ಎಂದರು. ಕುಮಟೆಯ ಜನರಿಗೆ ಮಾತಿನಲ್ಲಿ ಮರ್ಯಾದೆ ಕಡಿಮೆ.

ಮನೆಗೆ ಬಂದು ಸುಭದ್ರೆಗೆ ತನಿಖೆಯ ಫಲಿತಾಂಶವನ್ನು ಒಪ್ಪಿಸಿದೆ. ಮೂವರು ಸಾಕ್ಷಿಗಳು, ಮೂವರದೂ ಒಂದೇ ಕುಳ್ಳ, ಮೂವರಿಗೂ ಮಧ್ಯಾಹ್ನ. ಅವಳು ಬಾಳೆಕಾಯಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ಮಧ್ಯಾಹ್ನನಾ? ನಮಗೆ ಬಂದಿದ್ದು ಹತ್ತೂವರೆಗಲ್ದಾ? ಅಲ್ಲಿ ಅವಂಗೆ ಆವಾಗ ಬೆಳಗಿನ ಐದು ಗಂಟೆ." ಐದೂವರೆ ತಾಸಿನ ಈ ಅಂತರವು ಸರ್ಕಾರಗಳು ಮಾಡಿಕೊಂಡ ಕರಾರೆಂದೂ, ಸೂರ್ಯನಿಗೆ ಅದು ಗೊತ್ತಿಲ್ಲವೆಂದೂ, ತಂತಿಯಿಲ್ಲದೆ ಬರುವ ಕಾರ್ಡಿಗೆ ಹಿಂದು ಮುಂದಾಗುವುದು ಸಹಜವೆಂದೂ ನಾನು ತಳ್ಳಿಹಾಕಿದೆ. ಸಾಕ್ಷ್ಯವನ್ನು ತಳ್ಳಿಹಾಕುವುದರಲ್ಲಿ ನನಗಿರುವ ವೇಗವು ಅದನ್ನು ಒಪ್ಪುವುದರಲ್ಲಿ ಯಾವತ್ತೂ ಇಲ್ಲ.

"ಇರ್ಲಿ. ಪಾತ್ರೆ ಮಾತ್ರ ವಾಪಸ್ ಹೋಗವು" ಎಂದು ಅವಳು ಕಾರ್ಡುಗಳ ಅಂಗಡಿಯನ್ನೇ ಫೋನಿನಲ್ಲಿ ತೆರೆದು ನನ್ನ ಪಕ್ಕದಲ್ಲಿ ಕೂತಳು. ಎಂಥ ಅಂಗಡಿ! ಒಂದರಲ್ಲಿ ಹಸಿರು ರಿಬ್ಬನ್ನಿನ ನಾಯಿಮರಿ ಕಣ್ಣು ಹೊಡೆಯುತ್ತದೆ. ಒಂದರಲ್ಲಿ ಕುರಿಗಳು ಸಾಲಾಗಿ ನಿಂತು ಹಾಡುತ್ತವೆ. ಸಂತನು ಕುರಿ ಕಾಯ್ದದ್ದಕ್ಕೆ ಕುರಿಗಳು ಇಷ್ಟು ಸಂತೋಷಪಟ್ಟ ದಾಖಲೆ ಎಲ್ಲಿಯೂ ಇಲ್ಲ. ಒಂದರಲ್ಲಿ ಬೀರಿನ ಲೋಟವೊಂದು ತಾನೇ ತೂರಾಡುತ್ತದೆ. ಒಂದರಲ್ಲಿ ಸಂತನೇ ಕೋಲು ಬೀಸಿ ಹಾವುಗಳನ್ನು ಅಟ್ಟುತ್ತಾನೆ, ಅವು ಬುಳುಬುಳು ಎಂದು ನೀರಿಗೆ ಬೀಳುತ್ತವೆ, ಕೊನೆಯದು ಕೈಬೀಸಿ ಟಾಟಾ ಮಾಡುತ್ತದೆ. ಹಾವಿಗೆ ಕೈಯೆಲ್ಲಿಂದ ಬಂತೆಂದು ಕೇಳುವಷ್ಟರಲ್ಲಿ ಸುಭದ್ರೆ ಅದನ್ನು ಸರಕ್ಕನೆ ಸರಿಸಿ, "ಹಿತ್ಲಲ್ಲಿ ನಾಗರಕಲ್ಲು ಇಟ್ಕಂಡು ಇದ್ನ ಕಳ್ಸದಾ? ಬ್ಯಾಡದೇ ಬ್ಯಾಡ" ಎಂದಳು. ನಾನು ಆ ಕಲ್ಲನ್ನೂ ನಂಬುವವನಲ್ಲ. ಆದರೂ ಆ ಕಾರ್ಡು ಸರಿದುಹೋದದ್ದಕ್ಕೆ ಯಾಕೋ ಸಮಾಧಾನವೇ ಆಯಿತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅವಳ ಸಹನೆ ತೀರಿತು. "ಹಂಗಾರೆ ನಿಂಗಳೇ ಮಾಡಿ ಒಂದು ಕಾರ್ಡು. ದೊಡ್ಡ ಪ್ರೆಸ್ಸಿನವ್ರು ಅಲ್ದಾ?"

ಈ ಸವಾಲು ನನಗೆ ಹಿಡಿಸಿತು. ಶೆಡ್ಡಿಗೆ ಹೋಗಿ ಮೊಳೆಯ ಪೆಟ್ಟಿಗೆಯ ಧೂಳು ಹೊಡೆದೆ. ಕುಣಿತವಿಲ್ಲ, ಪಿಟೀಲಿಲ್ಲ, ಹುಸಿ ವಿನಯವಿಲ್ಲ. ಒಬ್ಬ ಮನುಷ್ಯ ಕೈಯಾರೆ ಜೋಡಿಸಿದ ಒಂದು ಸಾಲು: 'ಇನಾಸ, ಕಾರ್ಡು ಮುಟ್ಟಿತು.' ಇದಕ್ಕಿಂತ ಒಂದು ಅಕ್ಷರ ಹೆಚ್ಚು ಹಾಕಲು ನನ್ನ ಅಭಿಮಾನ ಒಪ್ಪಲಿಲ್ಲ. ಚೌಕಟ್ಟಿನಲ್ಲಿಟ್ಟು, ಮರದ ತುಂಡುಗಳನ್ನು ಕೂರಿಸಿ, ಕೀಲಿ ತಿರುವಿದೆ. ಅಚ್ಚು ಮಾಡಲು ತುಳಿಯುವ ಕಾಲು ಊರಲ್ಲಿಲ್ಲ. ಆದ್ದರಿಂದ ಮೊಳೆಗಳದ್ದೇ ಫೋಟೋ ತೆಗೆಯೆಂದೆ. ಸುಭದ್ರೆ ತೆಗೆದು ನೋಡಿ, "ಎಲ್ಲ ತಿರುಗಾಮುರುಗಾ ಇದ್ದು, ಓದಲೆ ಬತ್ತಿಲ್ಲೆ" ಎಂದಳು. "ಅದು ಓದಬೇಕಾದವನಿಗೆ ಓದಲು ಬರುತ್ತದೆ" ಎಂದೆ. ಕಾಗದದ ಮೇಲೆ ನೆಟ್ಟಗೆ ಬೀಳಬೇಕಾದ ಅಕ್ಷರ ಮೊಳೆಯಲ್ಲಿ ಕನ್ನಡಿಯೊಳಗಿನಂತೆ ಇರುತ್ತದೆ. ಅದನ್ನು ನೆಟ್ಟಗೆ ಓದಬಲ್ಲವರು ಈ ಮೂರು ತಾಲೂಕುಗಳಲ್ಲಿ ಈಗ ನಾನೊಬ್ಬನೇ, ಇನ್ನೊಬ್ಬನು ಐರ್ಲೆಂಡಿನಲ್ಲಿದ್ದಾನೆ. ಇದನ್ನು ಊರಿಗೆಲ್ಲ ಎರಚಿದರೂ ಅವನೊಬ್ಬನಿಗೇ ತಲುಪುವಂಥ ಕಾರ್ಡು! ಈ ಜಾಣ್ಮೆಯನ್ನು ನಾನೇ ಮೆಚ್ಚಿಕೊಂಡು, ಕಳಿಸಿದ ಮೇಲೆ ಒಂದು ಲೋಟ ಮಜ್ಜಿಗೆ ಕೇಳಿ ಕುಡಿದೆ.

ಮಜ್ಜಿಗೆ ಮುಗಿಯುವುದರೊಳಗೆ ಉತ್ತರ ಬಂತು. ಬರಹವಲ್ಲ, ಧ್ವನಿ. ಐದು ತಿಂಗಳ ಮೇಲೆ ಆ ದನಿ ಕೇಳಿದಾಗ ಲೋಟವನ್ನು ಕೆಳಗಿಡಬೇಕಾಯಿತು.

"ಮಾಲಕರೇ, ನಮಸ್ಕಾರ. ಫೋಟೋ ನೋಡ್ದೆ. ಮೊದಲ್ನೆ ಅಕ್ಷರದ ಹತ್ರ ಕಟ್ಟು ಸಡಿಲ ಅದೆ, ಒಂದು ಚೂರು ಬಿಗೀರಿ. ಮತ್ತೆಂತ ಅಂದ್ರೆ, ಆ ಟೊಪ್ಪಿ ಕಾರ್ಡಿನ ಪ್ರೂಫು ನಿಮಗೇ ಮೊದ್ಲು ಕಳ್ಸಿದ್ದೆ. ಇಲ್ಲಿ ಇನ್ನೂ ಕತ್ಲೆ ಇತ್ತು. ನೀವು ನೋಡಿದ್ದಕ್ಕೆ ನೀಲಿ ಗುರ್ತು ಬಂತು, ತಿದ್ದಿ ವಾಪಸ್ ಬರ್ಲಿಲ್ಲ. ನಿಮ್ಮಲ್ಲಿ ಮಧ್ಯಾಹ್ನ ಆಗುತನಕ ಕಾದೆ. ಸರಿ ಅದೆ ಅಂತ ತಿಳ್ಕಂಡು ಆಮೇಲೆ ಉಳ್ದವ್ರಿಗೆ ಓಡ್ಸಿಬಿಟ್ಟೆ. ತಪ್ಪೆಂತಾರೂ ಇದ್ರೆ ಹೇಳಿ."

ಸುಭದ್ರೆ ನನ್ನ ಕಡೆ ನೋಡಲಿಲ್ಲ. ನೋಡದಿರುವುದರಲ್ಲಿ ಅವಳಿಗೆ ವಿಶೇಷ ಪರಿಣತಿಯಿದೆ. ನಾನು "ಫೋಟೋ ನೋಡಿ ಕಟ್ಟು ಸಡಿಲವೆಂದು ಹೇಳಲು ಇವನೇನು ಸಂತನೇ?" ಎಂದು ಗೊಣಗುತ್ತ, ಸುಳ್ಳೆಂದು ತೋರಿಸಲೆಂದೇ ಶೆಡ್ಡಿಗೆ ಹೋದೆ. ಚೌಕಟ್ಟನ್ನು ಎರಡೂ ಕೈಯಿಂದ ಎತ್ತಿದೆ. ಅಷ್ಟೇ. ಮೊದಲ ಮೊಳೆ ಟಿಣ್ಣೆಂದು ನೆಲಕ್ಕೆ ಬಿದ್ದು ಯಂತ್ರದ ಅಡಿಗೆ ಉರುಳಿತು. ಯಾರೂ ಪೆಡಲು ತುಳಿದಿರಲಿಲ್ಲ. ಯಾವ ಹುಚ್ಚುಗಾಲೂ ಅಲ್ಲಿರಲಿಲ್ಲ. ತಾಡಪತ್ರಿ ಹೊದ್ದ ಯಂತ್ರ ಸುಮ್ಮನೆ ನಿಂತಿತ್ತು. ನಾನು ಮೊಣಕಾಲೂರಿ, ತಲೆ ತಗ್ಗಿಸಿ, ಕೈಯನ್ನು ಯಂತ್ರದ ಕೆಳಗೆ ಚಾಚಿ ಆ ಅಕ್ಷರವನ್ನು ತಡಕುತ್ತಿದ್ದಾಗ, ಮಂಕಿಯ ಮದುವೆಯ ಚಪ್ಪರದ ಬಾಗಿಲಲ್ಲಿ ಗಂಡು ಗೊತ್ತಾತಾ ಎಂದು ಕೇಳುತ್ತ ನಿಂತಿದ್ದ ಅರ್ಧ ಊರು ನನ್ನ ಬೆನ್ನ ಹಿಂದೆ ನಿಂತಂತಾಯಿತು. ಮೂರು ತಾಲೂಕು ಸುತ್ತಿ ಅವನ ಒಂದು ಗುಂಡಿಯನ್ನು ತನಿಖೆ ಮಾಡಿದವನಿಗೆ ಈ ಕೀಲಿಯನ್ನು ಒಮ್ಮೆ ಅಲುಗಿಸಿ ನೋಡಬೇಕೆಂದು ಇಷ್ಟು ವರ್ಷ ತೋಚಿರಲಿಲ್ಲ. ಎಲ್ಲರ ಮಾತನ್ನೂ ಅನುಮಾನಿಸಿದ ನಾನು ಒಬ್ಬನ ಮಾತನ್ನು ಮಾತ್ರ ಕಣ್ಣುಮುಚ್ಚಿ ನಂಬಿಕೊಂಡು ಬಂದಿದ್ದೆ. ಆ ಒಬ್ಬನು ನಾನು.

ಏಳಲು ಹೋದರೆ ಬೆನ್ನು ಹಿಡಿದುಕೊಂಡಿತು. ಬಾಗಿದವನು ಬಾಗಿದಂತೆಯೇ ಒಳಗೆ ಬಂದೆ.

"ಆ ಅಂಗಡಿ ಇನ್ನೂ ತೆರೆದಿದೆಯೇ?" ಎಂದು ಕೇಳಿದೆ.

"ಇದ್ದು. ಎಂತ ಬೇಕು? ನಾಯಿಮರಿಯಾ, ಕುರಿಯಾ?"

"ಅವನೇ ಸಾಕು. ಟೊಪ್ಪಿಯವನು."

"ಅವ ಕಳ್ಸಿದ್ನೇ ಅವಂಗೆ ವಾಪಸ್ ಕಳ್ಸದಾ? ಅದೂ ಹಬ್ಬ ಮುಗ್ದು ಮೂರು ದಿನ ಆದ್ಮೇಲೆ?"

"ಪ್ರೂಫನ್ನು ತಡಮಾಡಿ ಹಿಂದಿರುಗಿಸುವುದು ನನ್ನ ಪದ್ಧತಿಯೆಂದು ಅವನಿಗೆ ಗೊತ್ತಿದೆ. ಕೆಳಗೆ 'ತಿದ್ದುಪಡಿ ಇಲ್ಲ' ಎಂದು ಬರೆ."

ಅವಳು ಬರೆದು ಕಳಿಸಿದಳು. ಮೇಜಿನ ಮೇಲಿನ ಫೋನಿನಲ್ಲಿ ಕುಳ್ಳನು ಗಡಿಗೆಯ ಹಿಂದಿನಿಂದ ಹಾರಿ ಬಂದು, ಟೊಪ್ಪಿ ತೆಗೆದು, ಸೊಂಟದವರೆಗೆ ಬಾಗಿದನು. ಮತ್ತೆ ಬಾಗಿದನು. ನಾನು ಅವನನ್ನು ಮುಚ್ಚಲಿಲ್ಲ. ವರನಿಲ್ಲದ ಆ ಪತ್ರಿಕೆಯಿಂದ ಇಲ್ಲಿಯವರೆಗೆ ನಾನು ಇನಾಸನಿಗೆ ಬಾ‌ಗಬೇಕಾಗಿದ್ದ ನಮಸ್ಕಾರಗಳನ್ನು ಈ ಬೆನ್ನಿನಿಂದ ಮುಗಿಸುವುದು ಸಾಧ್ಯವಿಲ್ಲ. ದಣಿವಿಲ್ಲದೆ ಬಾಗುವ ಒಬ್ಬನು ಬೇಕಾಗಿತ್ತು.